ಮೊದಲ ಎರಡು ಸುತ್ತು

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಭೋಸರಿ, ಮೋಶಿಗಳನ್ನು ಹಿಂದೆ ಹಾಕಿ ಇಂದ್ರಾಯಣಿ ನದಿಯ ಸೇತುವೆ ದಾಟಿದ ಮೇಲೆ ಚಾಕಣ ಸಿಗುತ್ತದೆ. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು ಫಿರಂಗೋಜಿ ನರಸಾಳಾ ಸುಮಾರು ಎರಡು ತಿಂಗಳ ಕಾಲ ತಡೆದು ನಿಲ್ಲಿಸಿದ ಸಂಗ್ರಾಮದುರ್ಗದ ಅವಶೇಷ ಇಲ್ಲಿಯೇ ಇದೆ. ಈರುಳ್ಳಿಯ ಪೇಟೆಯೂ ಇದೆ. ಆದರೆ ಇಂದು ಚಾಕಣ ಎಂದರೆ ಜನರ ಮನಸ್ಸಿಗೆ ಬರುವುದು ಮೋಟಾರು ಕಾರ್ಖಾನೆಗಳು. 1999ರಲ್ಲಿ ಬಜಾಜ್ ಬಂದಿತು, 2009ರಲ್ಲಿ ಫೋಕ್ಸ್‌ವ್ಯಾಗನ್ ಬಂದಿತು. ಅವುಗಳ ಹಿಂದೆ ಮುಂದೆ ನಟ್ಟು, ಬೋಲ್ಟು, ಸೀಟು, ಗಾಜು ಮಾಡುವ ನೂರಾರು ಸಣ್ಣ ಕಾರ್ಖಾನೆಗಳು ಬಂದವು. ಇಂಥ ಊರಿನಲ್ಲಿ ಕುಳಿತು, ಒಂದು ಹಳೆಯ ಕಾರಿನ ಎಂಜಿನ್ನಿನಲ್ಲಿ ಹದಿನಾಲ್ಕು ಮಿಲಿಮೀಟರ್ ಅಗಲದ ಒಂದು ರಂಧ್ರವನ್ನು ನಾನು ಹೇಗೆ ಕೆಡಿಸಿದೆ, ಕೆಡಿಸಿದ ಮೇಲೆ ಏನು ಹೇಳಿದೆ ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೆ. ಬರೆಯಲು ಹಿಂಜರಿಕೆಯೂ ಇತ್ತು. ಕಾರಣ ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ಕಾರು ಅಪ್ಪನದು. 2008ರಲ್ಲಿ ಹಾವೇರಿಯಲ್ಲಿ ಕೊಂಡ ಮಾರುತಿ 800. ಶಾಲಾ ಮಾಸ್ತರಿಕೆಯಿಂದ ನಿವೃತ್ತರಾಗಿ ಬಂದ ಹಣದಲ್ಲಿ ಅವರು ತಮಗೆಂದು ಕೊಂಡ ಏಕೈಕ ದೊಡ್ಡ ವಸ್ತು ಅದು. ಅದಕ್ಕೂ ಮೊದಲು ಅವರಲ್ಲಿ ಬಜಾಜ್ ಚೇತಕ್ ಇತ್ತು. ನಮ್ಮ ಪೀಳಿಗೆಯವರಿಗೆ ಆ ದೃಶ್ಯ ನೆನಪಿರಬೇಕು: ಮಳೆಗಾಲದ ಬೆಳಿಗ್ಗೆ ಸ್ಕೂಟರನ್ನು ಒಂದು ಕಡೆಗೆ ವಾಲಿಸುವುದು, ಹತ್ತಾರು ಸಲ ಒದೆಯುವುದು, ಕೊನೆಗೆ ಪ್ಲಗ್ ಬಿಚ್ಚಿ ಮರಳು ಕಾಗದದಿಂದ ಉಜ್ಜಿ, ಊದಿ, ಮತ್ತೆ ಕೂರಿಸುವುದು. ಅಪ್ಪನ ಬಾಯಲ್ಲಿ ಅದು ಸ್ಪಾರ್ಕ್ ಪ್ಲಗ್ ಅಲ್ಲ, ‘ಮೈಕೋ’. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯ ಹೆಸರೇ ವಸ್ತುವಿನ ಹೆಸರಾಗಿತ್ತು. 2008ರಲ್ಲಿ ಆ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಅಪ್ಪ ಬದಲಿಸಲಿಲ್ಲ. ಕಣ್ಣು ಮಂಜಾಗಿ ಅವರು ಚಾಕಣದ ನಮ್ಮ ಮನೆಗೆ ಬಂದಾಗ ಕಾರೂ ಜೊತೆಗೆ ಬಂದಿತು. ಕರ್ನಾಟಕದ ಆಕ್ಷೇಪಣೆಯಿಲ್ಲದ ಪತ್ರ ತಂದು, ಇಲ್ಲಿ ತೆರಿಗೆ ಕಟ್ಟಿ, ಕೆಎ 27 ಹೋಗಿ ಎಂಎಚ್ 14 ಆಯಿತು. ಹೊಸ ಫಲಕ ಹಾಕಿದ ದಿನ ಅಪ್ಪ ಹಳೆಯ ಫಲಕವನ್ನು ಬಟ್ಟೆಯಲ್ಲಿ ಸುತ್ತಿ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡರು. ಸಂಜೆ ನಿಂತ ಕಾರಿನಲ್ಲಿ ಬಾಗಿಲು ತೆರೆದು ಅರ್ಧ ಗಂಟೆ ಕೂರುವುದು ಅವರ ದಿನಚರಿಯಾಯಿತು.

2023ರ ಆರಂಭದಲ್ಲಿ ಕಾರಿಗೆ ಹದಿನೈದು ತುಂಬುತ್ತಿತ್ತು. ನೋಂದಣಿ ನವೀಕರಣಕ್ಕೆ ತಪಾಸಣೆಯಾಗಬೇಕು. ಅದಕ್ಕೂ ಮುಂಚೆ ಆಯಿಲ್, ಫಿಲ್ಟರ್, ಪ್ಲಗ್ ಬದಲಿಸಬೇಕೆಂದು ನಿಶ್ಚಯಿಸಿದೆ. ನಮ್ಮ ವಸತಿ ಸಂಕೀರ್ಣದ ಹೊರಗೆ ರಸ್ತೆಬದಿಯಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ಹುಡುಗ ಆಯಿಲ್ ಬದಲಿಸಿ ಕೊಟ್ಟ. ಅವನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನವನು. ಚಾಕಣದಲ್ಲಿ ನನಗೆ ಸಿಕ್ಕ ಮೊದಲ ಕನ್ನಡದ ದನಿ ಅವನದು. ಹಿಂದಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಾನೇ ಅವನನ್ನು ಕರೆದುಕೊಂಡು ಹೋಗಿ, ‘ನಮ್ಮ ಹುಡುಗ’ ಎಂದು ನಾಲ್ಕು ಜನರಿಗೆ ಪರಿಚಯಿಸಿದ್ದೆ. ಪ್ಲಗ್ಗನ್ನೂ ಅವನೇ ಹಾಕುತ್ತಿದ್ದ. ನಾನು ಬೇಡವೆಂದೆ. ಹದಿನಾಲ್ಕು ವರ್ಷದ ಮಗಳಿಗೆ, ಅವಳ ಅಪ್ಪ ಕಡತಗಳನ್ನಲ್ಲದೆ ಬೇರೆಯದನ್ನೂ ಬಿಚ್ಚಬಲ್ಲನೆಂದು ತೋರಿಸುವ ಆಸೆ ನನಗಿತ್ತು.

ಭಾನುವಾರ ಬೆಳಿಗ್ಗೆ ಬಾನೆಟ್ ತೆರೆದೆ. ಮೂರು ಸಿಲಿಂಡರಿಗೆ ಮೂರು ಪ್ಲಗ್ಗು. ಹಾಲು ತರಲು ಪೇಟೆಗೆ ಹೋಗಿ ಆಗಷ್ಟೇ ಬಂದಿದ್ದೆ, ಎಂಜಿನ್ ಇನ್ನೂ ಬಿಸಿಯಾಗಿತ್ತು. ಇದು ಮೊದಲ ತಪ್ಪು. ಪ್ಲಗ್ಗಿನ ಮೈ ಉಕ್ಕಿನದು, ಅದು ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಗಡಸುತನದಲ್ಲಿ ಮಾತ್ರ ಉಕ್ಕಿನ ಹತ್ತಿರಕ್ಕೂ ಬಾರದು. ಬಿಸಿಯಿರುವಾಗ ಬಿಚ್ಚಿದರೆ ಮೆತ್ತಗಿರುವ ಲೋಹದ ಎಳೆಗಳು ಹರಿಯುವ ಸಂಭವ ಹೆಚ್ಚು. ಅದೃಷ್ಟಕ್ಕೆ ಮೂರೂ ಪ್ಲಗ್ಗು ಸಲೀಸಾಗಿ ಹೊರಬಂದವು. ಹೊಸದನ್ನು ಹಾಕುವಾಗ ಮೊದಲೆರಡು ಚೆನ್ನಾಗಿಯೇ ಕೂತವು. ಮೂರನೆಯದನ್ನು ಕೈಗೆತ್ತಿಕೊಂಡಾಗ ಹಿಂದಿನಿಂದ ಅಪ್ಪನ ದನಿ ಬಂತು.

“ಮದಲ ಕೈಲೆ ತಿರುವೋ ತಮ್ಮಾ, ಪಾನಾ ಆಮ್ಯಾಲೆ.”

ಅವರ ವಿಧಾನ ನನಗೆ ಗೊತ್ತಿತ್ತು. ಹಳೆಯ ರಬ್ಬರ್ ನಳಿಗೆಯ ಗೇಣುದ್ದದ ತುಂಡೊಂದು ಅವರ ಡಬ್ಬಿಯಲ್ಲಿ ಯಾವಾಗಲೂ ಇರುತ್ತಿತ್ತು. ಪ್ಲಗ್ಗಿನ ಬಿಳಿಯ ಪಿಂಗಾಣಿ ತುದಿಯನ್ನು ಅದರೊಳಗೆ ಸಿಕ್ಕಿಸಿ, ರಂಧ್ರದಲ್ಲಿಟ್ಟು ಮೊದಲು ಉಲ್ಟಾ ತಿರುಗಿಸುವರು. ಒಂದು ಕಡೆ ‘ಟಕ್’ ಎಂದು ಎಳೆಯ ಮೇಲೆ ಎಳೆ ಇಳಿದ ಸಣ್ಣ ಅರಿವು ಬೆರಳಿಗೆ ಆಗುತ್ತದೆ. ಅಲ್ಲಿಂದ ನೇರ ದಿಕ್ಕಿಗೆ ತಿರುಗಿಸಬೇಕು. ಎಳೆ ತಪ್ಪಿ ಕೂತಿದ್ದರೆ ರಬ್ಬರ್ ನಳಿಗೆ ಪ್ಲಗ್ಗಿನ ಮೇಲೆ ಜಾರುತ್ತದೆ, ಒತ್ತಾಯ ಮಾಡುವಷ್ಟು ಶಕ್ತಿ ಅದಕ್ಕಿಲ್ಲ. ಅದರ ಉಪಯೋಗವೂ ಅದೇ. ನನ್ನ ಕೈಯಲ್ಲಿದ್ದ ಪಾನಾಕ್ಕೆ ಆ ಶಕ್ತಿ ಇತ್ತು. ಮಗಳ ಎದುರಿಗೆ ಅಪ್ಪನಿಂದ ಹೇಳಿಸಿಕೊಂಡ ಸಣ್ಣ ಸಿಡುಕೂ ಇತ್ತು. “ಗೊತ್ತದ ಅಪ್ಪಾ” ಎಂದು ಪ್ಲಗ್ಗನ್ನು ಪಾನಾದಲ್ಲೇ ಇಟ್ಟು ರಂಧ್ರಕ್ಕೆ ಇಳಿಸಿದೆ. ಎರಡನೆಯ ಸುತ್ತಿಗೆ ಬಿಗಿಯಾಯಿತು. ಅಲ್ಲಿ ನಿಲ್ಲಬೇಕಿತ್ತು. ಧೂಳಿರಬೇಕೆಂದು ಮನಸ್ಸಿಗೆ ಹೇಳಿಕೊಂಡು ಒತ್ತಿ ತಿರುಗಿಸಿದೆ. ಎಂಜಿನ್ ಚಾಲೂ ಆಯಿತು, ಮಗಳು ಚಪ್ಪಾಳೆ ತಟ್ಟಿದಳು.

ಆ ರಂಧ್ರದೊಳಗೆ ಆದದ್ದು ಇಷ್ಟು. ಹದಿನಾಲ್ಕು ಮಿಲಿಮೀಟರ್ ಪ್ಲಗ್ಗಿನಲ್ಲಿ ಒಂದು ಎಳೆಗೂ ಇನ್ನೊಂದಕ್ಕೂ ನಡುವೆ ಒಂದೂಕಾಲು ಮಿಲಿಮೀಟರ್ ಅಂತರ, ಹತ್ತೊಂಬತ್ತು ಮಿಲಿಮೀಟರ್ ಆಳದಲ್ಲಿ ಸುಮಾರು ಹದಿನೈದು ಸುತ್ತು. ಮೊದಲ ಎರಡು ಸುತ್ತು ಸರಿಯಾಗಿ ಕೂತರೆ ಉಳಿದ ಹದಿಮೂರು ತಾವಾಗಿ ಹಿಂಬಾಲಿಸುತ್ತವೆ. ಮೊದಲ ಎರಡು ಓರೆಯಾದರೆ ಉಕ್ಕಿನ ಎಳೆ ಅಲ್ಯೂಮಿನಿಯಮ್ಮಿನ ಎಳೆಯನ್ನು ಅಡ್ಡಡ್ಡ ಕೊಯ್ಯುತ್ತ ತನ್ನದೇ ದಾರಿ ಮಾಡಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಬಿಗಿಯಾಗಿಯೇ ಇರುತ್ತದೆ. ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲೂ ಸೆಕೆಂಡಿಗೆ ಇಪ್ಪತ್ತೈದು ಬಾರಿ ಬೆಂಕಿ ಹೊತ್ತುತ್ತದೆ. ಪ್ರತಿಸಲವೂ ಆ ಒತ್ತಡ ಪ್ಲಗ್ಗನ್ನು ಹೊರದೂಡಲು ಯತ್ನಿಸುತ್ತದೆ. ಅದನ್ನು ಹಿಡಿದಿರುವುದು ಆ ಎಳೆಗಳು ಮಾತ್ರ.

ನಾಲ್ಕೈದು ದಿನಗಳಲ್ಲಿ ‘ಚುಕ್ ಚುಕ್’ ಎಂಬ ಸದ್ದು ಶುರುವಾಯಿತು. ಕೇಳದಂತೆ ಇದ್ದೆ. ಮುಂದಿನ ಶನಿವಾರ ಮಗಳನ್ನು ಕರೆದುಕೊಂಡು ತಳೇಗಾಂವ್ ರಸ್ತೆಯಲ್ಲಿ ಬರುತ್ತಿರುವಾಗ ಬಾನೆಟ್ಟಿನ ಕೆಳಗೆ ಪಟಾಕಿ ಸಿಡಿದಂತಾಯಿತು. ಪ್ಲಗ್ಗು ರಂಧ್ರದಿಂದ ಕಿತ್ತುಬಂದು ತನ್ನ ತಂತಿಗೆ ನೇತಾಡುತ್ತಿತ್ತು. ಹಿಂದೆ ಮುಂದೆ ಕಂಟೇನರ್ ಲಾರಿಗಳು, ಎಲ್ಲರ ಹಾರ್ನ್ ನನ್ನ ಮೇಲೆಯೇ. ಇಬ್ಬರು ದಾರಿಹೋಕರು ಕಾರನ್ನು ಬದಿಗೆ ತಳ್ಳಿಕೊಟ್ಟರು. ಕಂಪನಿಯ ಸರ್ವಿಸ್ ಕೇಂದ್ರವೊಂದಕ್ಕೆ ಫೋನು ಮಾಡಿದರೆ ಹೆಡ್ ಪೂರ್ತಿ ಬದಲಿಸಬೇಕಾದೀತು, ಇಷ್ಟು ಹಳೆಯ ಗಾಡಿಗೆ ಅದು ಲಾಭವಲ್ಲ ಎಂದರು. ಕೊನೆಗೆ ಹಗ್ಗ ಕಟ್ಟಿಸಿಕೊಂಡು ಅಂಬೇಠಾಣ ಚೌಕದ ಕಡೆಯ ಹಳೆಯ ಮಿಸ್ತ್ರಿಯೊಬ್ಬರ ಗ್ಯಾರೇಜಿಗೆ ಎಳೆಸಿದೆ. ಭೋಸರಿಯ ಕಾರ್ಖಾನೆಯಲ್ಲಿ ಬಹಳ ವರ್ಷ ಟರ್ನರ್ ಆಗಿದ್ದು, ಆಮೇಲೆ ಸ್ವಂತ ಗ್ಯಾರೇಜು ಹಾಕಿದವರು. ಎಲ್ಲರಿಗೂ ಅವರು ‘ಕಾಕಾ’.

ಕಾಕಾ ರಂಧ್ರಕ್ಕೆ ಟಾರ್ಚು ಹಿಡಿದು ನೋಡಿದರು. “ಆಟೆ ಗೇಲೇ, ಸಾಹೇಬ್” ಎಂದರು. ಮರಾಠಿಯಲ್ಲಿ ತಿರುಪಿನ ಎಳೆಗೆ ಆಟೆ ಎನ್ನುತ್ತಾರೆ. ಹಿಂದಿಯ ಮಿಸ್ತ್ರಿಗಳು ಚೂಡಿ, ಅಂದರೆ ಬಳೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ದಾರ. ಮೂರು ಭಾಷೆಗೂ ಅದರ ಸೂಕ್ಷ್ಮ ಗೊತ್ತಿದೆ, ಎಂ.ಎ. ಇಂಗ್ಲಿಷ್ ಓದಿದ ನನ್ನ ಕೈಗೆ ಗೊತ್ತಿರಲಿಲ್ಲ. “ಇದನ್ನು ಹಾಕಿದವರು ಯಾರು?” ಎಂದು ಕಾಕಾ ಕೇಳಿದರು.

ನಾನು ಕೇಂದ್ರ ಸರ್ಕಾರದ ಲೆಕ್ಕಪತ್ರದ ಕೆಲಸದಲ್ಲಿರುವವನು. ತಪ್ಪು ಎಲ್ಲಿ ಆಯಿತು, ಯಾರಿಂದ ಆಯಿತು, ಹೊಣೆ ಯಾರದು ಎಂದು ಇನ್ನೊಬ್ಬರ ಕಡತದ ಅಂಚಿನಲ್ಲಿ ಬರೆಯುವುದೇ ಇಪ್ಪತ್ತು ವರ್ಷಗಳಿಂದ ನನ್ನ ಉದ್ಯೋಗ. ಆ ಪ್ರಶ್ನೆಗೆ ನನ್ನ ನಾಲಿಗೆ ಒಂದು ಕ್ಷಣವೂ ತಡೆಯಲಿಲ್ಲ. “ನಮ್ಮ ಸೊಸೈಟಿ ಹೊರಗಿನ ಗ್ಯಾರೇಜಿನ ಹುಡುಗ, ಹೋದ ವಾರ ಸರ್ವಿಸ್ ಮಾಡಿದ” ಎಂದುಬಿಟ್ಟೆ. ಪಕ್ಕದಲ್ಲಿ ಮಗಳು ನಿಂತಿದ್ದಳು.

ಕಾಕಾ ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ, ಅದರ ತುದಿಯ ಎಳೆಗಳು ಒಂದೇ ಪಕ್ಕದಲ್ಲಿ ಚಪ್ಪಟೆಯಾಗಿದ್ದುದನ್ನು ತೋರಿಸಿದರು. “ಇದು ಮೊದಲಿನಿಂದಲೂ ಪಾನಾ ಹಾಕಿ ತಿರುಗಿಸಿದ್ದು. ನೀವು ಹೇಳುವ ಹುಡುಗ ಮೂರು ವರ್ಷ ನನ್ನ ಕೈಕೆಳಗೆ ಇದ್ದವನು. ಪ್ಲಗ್ಗನ್ನು ಬೆರಳಿನಿಂದ ಶುರು ಮಾಡದಿದ್ದರೆ ನನ್ನಿಂದ ಏಟು ತಿನ್ನುತ್ತಿದ್ದ” ಎಂದು ಫೋನು ಹಚ್ಚಿದರು. ಹುಡುಗ ಹತ್ತು ನಿಮಿಷದಲ್ಲಿ ಬಂದ. ವಿಷಯ ಕೇಳಿ ಕಾಕಾನ ಕಡೆಗೆ ನೋಡದೆ ನನ್ನ ಕಡೆಗೆ ನೋಡಿದ.

“ಸರ್, ನಾ ಆಯಿಲ್ ಅಷ್ಟ ಬದಲ್ ಮಾಡೀನ್ರೀ. ಪ್ಲಗ್ ಮುಟ್ಟಿಲ್ರೀ.”

ಅವನು ಕನ್ನಡದಲ್ಲಿ ಹೇಳಿದ. ಅದು ಕಾಕಾನಿಗೆ ಕೊಟ್ಟ ಉತ್ತರವಲ್ಲ, ನನಗೆ ಕೊಟ್ಟ ಅವಕಾಶ ಎಂದು ಈಗ ಅನಿಸುತ್ತದೆ. ನಾನು ಗಡಿಯಾರ ನೋಡಿಕೊಂಡೆ. ಕಾಕಾ ತೀರ್ಪು ಕೊಡಲಿಲ್ಲ. “ನಿಮ್ಮ ಸೊಸೈಟಿಯ ಗಿರಾಕಿಗಳಿಂದಲೇ ಇವನ ಹೊಟ್ಟೆ ತುಂಬುವುದು, ಸಾಹೇಬ್. ಈ ಮಾತು ಅಲ್ಲಿ ಹೋಗಿ ಆಡಬೇಡಿ” ಎಂದಷ್ಟೇ ಹೇಳಿ, ಬೇಕಾದ ಟ್ಯಾಪ್ ಭೋಸರಿಯಿಂದ ತರಿಸಬೇಕು, ಬೆಳಿಗ್ಗೆ ಬನ್ನಿ ಎಂದರು.

ಆಟೋದಲ್ಲಿ ಮನೆಗೆ ಬರುವಾಗ ಮಗಳು ಬಹಳ ಹೊತ್ತು ಹೊರಗೆ ನೋಡುತ್ತಿದ್ದಳು. ಆಮೇಲೆ, ಚಾಲಕನಿಗೆ ತಿಳಿಯಬಾರದೆಂದೋ ಏನೋ, ಸಣ್ಣ ದನಿಯಲ್ಲಿ ಕನ್ನಡದಲ್ಲೇ ಕೇಳಿದಳು: “ಅಪ್ಪಾ, ಅದು ನೀವು ಮಾಡಿದ್ದಲ್ವಾ?” ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಪರರಾಜ್ಯದಲ್ಲಿ ಬೆಳೆಯುವ ಮಗುವಿಗೆ ಕನ್ನಡ ಉಳಿಯಲಿ ಎಂದು ನಾನು ಪಟ್ಟ ಪಾಡು ಸಣ್ಣದಲ್ಲ. ಅವಳ ಆ ದಿನದ ಕನ್ನಡ ಅಚ್ಚುಕಟ್ಟಾಗಿತ್ತು.

ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಕಾರಿನ ಬಗ್ಗೆ ಬೈಯುವರೆಂದು ಕಾದೆ. ಕಾರಿನ ಬಗ್ಗೆ ಅವರು ಏನೂ ಕೇಳಲಿಲ್ಲ.

“ಆ ಹುಡುಗ ಎಲ್ಲ್ಯಾಂವ?”

“ಇಂಡಿ ಕಡೆಯಾಂವ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮುಂಜಾನೆ ನಾನೂ ಬರ್ತೀನಿ” ಎಂದು ಮಲಗಿದರು.

ಬೆಳಿಗ್ಗೆ ನಾವು ಹೋದಾಗ ಹುಡುಗನೂ ಅಲ್ಲಿದ್ದ. ಕೈ ಕೆಲಸಕ್ಕೆಂದು ಕಾಕಾ ಕರೆಸಿದ್ದರು. ಬೇಕೆಂದೇ ಕರೆಸಿದ್ದರೋ ತಿಳಿಯದು. ನಾನು ಮರಾಠಿಯಲ್ಲಿ, ಕಾಕಾನಿಗೂ ಅವರ ಇನ್ನಿಬ್ಬರು ಹುಡುಗರಿಗೂ ಕೇಳುವಂತೆ ಹೇಳಿದೆ: ಪ್ಲಗ್ ಹಾಕಿದ್ದು ನಾನು, ಪಾನಾ ಹಚ್ಚಿದ್ದು ನಾನು, ನಿನ್ನೆ ಹೇಳಿದ್ದು ಸುಳ್ಳು. ಆಮೇಲೆ ಹುಡುಗನ ಕಡೆಗೆ ತಿರುಗಿ ಕನ್ನಡದಲ್ಲಿ, “ತಪ್ಪಾತಪಾ” ಎಂದೆ. ಇಷ್ಟನ್ನು ಹೇಳಲು ಇಡೀ ರಾತ್ರಿ ವಾಕ್ಯ ಜೋಡಿಸಿದ್ದೆ. ಯಾರೂ ದೊಡ್ಡ ಮಾತನ್ನೇನೂ ಆಡಲಿಲ್ಲ. ಹುಡುಗ ತಲೆಯಾಡಿಸಿದ. “ಬರಾ, ಗ್ರೀಸ್ ಆಣ” ಎಂದು ಕಾಕಾ ಅವನಿಗೆ ಹೇಳಿದರು, ಕೆಲಸ ಶುರುವಾಯಿತು. ಅಪ್ಪನಿಗೆ ಯಾರೋ ಸ್ಟೂಲು ಹಾಕಿಕೊಟ್ಟರು.

ಹಾಳಾದ ಎಳೆಯ ಮೇಲೆ ಹೊಸ ಪ್ಲಗ್ಗನ್ನು ಇನ್ನಷ್ಟು ಬಿಗಿದರೆ ಆಗದೇ ಎಂದು ನಾನು ಹಿಂದಿನ ದಿನ ಕೇಳಿದ್ದೆ. ಹೋದ ಲೋಹ ಮರಳಿ ಬರುವುದಿಲ್ಲ, ಉಳಿದಿರುವ ಕೆಟ್ಟದ್ದನ್ನೂ ತೆಗೆಯಬೇಕು ಎಂದು ಕಾಕಾ ಉತ್ತರಿಸಿದ್ದರು. ಮೊದಲು ಅವರು ಎಂಜಿನ್ನನ್ನು ಕೈಯಿಂದ ತಿರುಗಿಸಿ ಆ ಸಿಲಿಂಡರಿನ ಪಿಸ್ಟನ್ ಕೆಳಗಿಳಿಯುವಂತೆ ಮಾಡಿದರು. ಪ್ಲಗ್ ರಂಧ್ರಕ್ಕೆಂದೇ ಮಾಡಿದ ಟ್ಯಾಪ್ ಒಂದು ಉಂಟು. ಅದರ ಕೆಳತುದಿ ಸಪೂರವಾಗಿದ್ದು ಅಳಿದುಳಿದ ಹಳೆಯ ಎಳೆಯನ್ನು ಹಿಡಿದು ನೇರವಾಗಿ ನಿಲ್ಲುತ್ತದೆ. ಮೇಲಿನ ದಪ್ಪ ಭಾಗ ಅದರ ಹಿಂದೆ ಬಂದು ರಂಧ್ರವನ್ನು ಹಿಗ್ಗಿಸಿ ಹೊಸ ಎಳೆ ಕೊರೆಯುತ್ತದೆ. ಅದರ ಗೀರುಗಳಲ್ಲಿ ಹುಡುಗ ಗ್ರೀಸ್ ತುಂಬಿದ, ಕೊರೆದ ಅಲ್ಯೂಮಿನಿಯಮ್ಮಿನ ಚೂರು ಸಿಲಿಂಡರಿಗೆ ಬೀಳದೆ ಅದರಲ್ಲಿ ಅಂಟಿಕೊಳ್ಳಲೆಂದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಕೆಲವು ಸುತ್ತಿಗೊಮ್ಮೆ ಹೊರತೆಗೆದು, ಒರೆಸಿ, ಮತ್ತೆ ಗ್ರೀಸ್. ಒಂದು ಗಂಟೆಯಾದರೂ ಯಾರಿಗೂ ಅವಸರವಿರಲಿಲ್ಲ. ಬಳಿಕ ಸಣ್ಣ ನಳಿಗೆಯಿಂದ ಒಳಗಿನ ಚೂರನ್ನು ಹೀರಿ ತೆಗೆದರು. ಉಳಿದ ಪ್ಲಗ್ಗುಗಳನ್ನೂ ಬಿಚ್ಚಿಟ್ಟು ಎಂಜಿನ್ನನ್ನು ಸ್ವಲ್ಪ ತಿರುಗಿಸಿ ಒಳಗಿನ ಗಾಳಿಯಿಂದಲೇ ಊದಿಸಿದರು.

ಆಮೇಲೆ ಒಳಕ್ಕೆ ಹೋದದ್ದು ಸ್ಟೇನ್‌ಲೆಸ್ ಉಕ್ಕಿನ ತಂತಿಯ ಒಂದು ಸುರುಳಿ, ನೋಡಲು ಪೆನ್ನಿನೊಳಗಿನ ಸ್ಪ್ರಿಂಗಿನ ಹಾಗೆ. ಎರಡನೆಯ ಮಹಾಯುದ್ಧದ ಕಾಲದ ವಿಮಾನಗಳ ಅಲ್ಯೂಮಿನಿಯಂ ಎಂಜಿನ್ನುಗಳಲ್ಲಿ ಬಳಕೆಗೆ ಬಂದ ಉಪಾಯ ಅದು. ಸುರುಳಿಯನ್ನು ಕಡ್ಡಿಗೆ ಸಿಕ್ಕಿಸಿ ತಿರುಗಿಸುವಾಗ ಅದು ಕುಗ್ಗಿಕೊಂಡು ಒಳಗಿಳಿಯುತ್ತದೆ. ಕಡ್ಡಿ ತೆಗೆದೊಡನೆ ಹಿಗ್ಗಿ ಸುತ್ತಲಿನ ಅಲ್ಯೂಮಿನಿಯಮ್ಮನ್ನು ಒತ್ತಿ ಹಿಡಿಯುತ್ತದೆ. ಅದರ ಹೊರಮೈ ಹೊಸ ಎಳೆಗೆ, ಒಳಮೈ ಹಳೆಯ ಅಳತೆಯ ಪ್ಲಗ್ಗಿಗೆ. ಮೇಲೆ ವಾಷರ್ ಕೂರುವ ಜಾಗಕ್ಕಿಂತ ಸ್ವಲ್ಪ ಕೆಳಗಿರಬೇಕು. ತಳದಲ್ಲಿ ಬೆಂಕಿಯ ಕೋಣೆಗೆ ಚಾಚಬಾರದು, ಚಾಚಿದರೆ ಆ ತುದಿ ಕೆಂಪಗೆ ಕಾದು ಹೊತ್ತಲ್ಲದ ಹೊತ್ತಿನಲ್ಲಿ ಪೆಟ್ರೋಲನ್ನು ಹೊತ್ತಿಸುತ್ತದೆ. ಕೊನೆಗೆ ತಳದ ಪುಟ್ಟ ಕೊಂಡಿಯನ್ನು ಉದ್ದ ಮೂತಿಯ ಇಕ್ಕಳದಿಂದ ಮುರಿದು ಹೊರಗೆ ತೆಗೆದು, ಅದನ್ನು ನನ್ನ ಅಂಗೈಯಲ್ಲಿಟ್ಟರು. ಒಳಗೆ ಬಿದ್ದಿಲ್ಲ ಎಂಬುದಕ್ಕೆ ಸಾಕ್ಷಿ.

ಹೊಸ ಪ್ಲಗ್ಗನ್ನು ಹುಡುಗ ಕೈಗೆತ್ತಿಕೊಂಡ. ಅಪ್ಪ ತಮ್ಮ ಜೇಬಿನಿಂದ ಆ ರಬ್ಬರ್ ನಳಿಗೆಯ ತುಂಡನ್ನು ತೆಗೆದು ಅವನ ಕಡೆಗೆ ಚಾಚಿದರು. ಅವನು ಮೊದಲ ಬಾರಿ ನಕ್ಕ. “ನಮ್ಮ ಕಾಕಾನೂ ಇದನ್ನ ಕಲಿಸ್ಯಾರಜ್ಜಾ” ಎಂದ. ಉಲ್ಟಾ ಒಂದು ಸುತ್ತು, ‘ಟಕ್’, ಆಮೇಲೆ ನೇರ. ಬೆರಳಿಗೆ ಬಿಗಿಯಾಗುವವರೆಗೆ ತಿರುಗಿಸಿ ಪಾನಾದಿಂದ ಅರ್ಧ ಸುತ್ತಿಗಿಂತ ತುಸು ಹೆಚ್ಚು, ಅಷ್ಟೆ. ಹೊಸ ವಾಷರ್ ಒತ್ತಿಕೊಳ್ಳಲು ಅದು ಸಾಕು. ಕಾರು ಮುಂದಿನ ತಿಂಗಳು ತಪಾಸಣೆಯಲ್ಲಿ ತೇರ್ಗಡೆಯಾಗಿ ಇನ್ನೈದು ವರ್ಷದ ಆಯುಷ್ಯ ಪಡೆಯಿತು. ಸುರುಳಿ ಕೂತ ಆ ರಂಧ್ರ ಮೂಲಕ್ಕಿಂತಲೂ ಗಟ್ಟಿ ಎಂದು ಕಾಕಾ ಹೇಳಿದರು. ಅಲ್ಯೂಮಿನಿಯಮ್ಮಿನ ಜಾಗದಲ್ಲಿ ಈಗ ಉಕ್ಕಿದೆ, ನಿಜವಿರಬೇಕು.

ಇನ್ನೊಂದು ರಿಪೇರಿ ಅಷ್ಟು ಬೇಗ ಆಗಲಿಲ್ಲ. ಅಂದಿನಿಂದ ಹುಡುಗ ನನ್ನೊಂದಿಗೆ ಹಿಂದಿಯಲ್ಲಿ ಮಾತನಾಡತೊಡಗಿದ. ಅವಿನಯವೇನೂ ಇಲ್ಲ. “ಜೀ ಸರ್, ಹೋ ಜಾಯೇಗಾ ಸರ್.” ಅಪ್ಪ ಸಂಜೆ ಕೋಲೂರಿಕೊಂಡು ಅವನ ಗ್ಯಾರೇಜಿನವರೆಗೆ ಹೋಗಿ ಕೂತರೆ ಇಂಡಿಯ ನಿಂಬೆ, ಮಳೆ, ಜೋಳ ಎಂದು ತಾಸುಗಟ್ಟಲೆ ಕನ್ನಡ ನಡೆಯುತ್ತಿತ್ತು. ನಾನು ಹತ್ತಿರ ಹೋದೊಡನೆ ಹಿಂದಿ. ಆ ವರ್ಷದ ರಾಜ್ಯೋತ್ಸವಕ್ಕೆ ಕರೆದೆ, ಕೆಲಸವಿದೆ ಎಂದ. ವೇದಿಕೆಯ ಮೇಲೆ ಹೊರನಾಡ ಕನ್ನಡಿಗರ ಒಗ್ಗಟ್ಟಿನ ಕುರಿತು ಮಾತನಾಡುವ ಸರದಿ ನನ್ನದಿತ್ತು. ಗಂಟಲು ಕೆಟ್ಟಿದೆಯೆಂದು ಹೇಳಿ ತಪ್ಪಿಸಿಕೊಂಡೆ. ಅದೂ ಒಂದು ಸುಳ್ಳೇ, ಆದರೆ ಅದರ ಹೊಣೆಯನ್ನು ಯಾರ ಮೇಲೂ ಹೊರಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಮಗಳು ತಾನೇ ಪ್ಲಗ್ ತೆಗೆದು ನೋಡುತ್ತೇನೆಂದು ಹಟ ಹಿಡಿದಳು. ಕಾರನ್ನು ಅವನ ಗ್ಯಾರೇಜಿನ ಎದುರಿಗೇ ನಿಲ್ಲಿಸಿ ಬಾನೆಟ್ ತೆರೆದೆವು. ಅಜ್ಜನ ರಬ್ಬರ್ ನಳಿಗೆ ಅವಳ ಕೈಯಲ್ಲಿತ್ತು. ನಾನು ಪಾನಾ ಹಿಡಿದು ಬಗ್ಗಿದೆ. ಒಳಗೆ ಟಯರಿನ ಕೆಲಸದಲ್ಲಿದ್ದ ಹುಡುಗ ತಲೆಯೆತ್ತಿ ಕೂಗಿ ಹೇಳಿದ:

“ತಡೀರಿ ಸರ್, ಎಂಜಿನ್ ಇನ್ನಾ ಬಿಸಿ ಐತ್ರಿ. ಆರಲಿ.”

ನಾನು ಪಾನಾವನ್ನು ಕೆಳಗಿಟ್ಟು, ಅಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು, ಎಂಜಿನ್ ಆರುವುದನ್ನು ಕಾದೆ.